ವೀಣೆ ಬಳಗದ ಮೇಲ್ ತುಂಬಾ ಜಂಕ್, ಎಲ್ಲ ಫಿಲ್ಟರ್ ಹಾಕಿದರೂ ನಿಲ್ಲುತ್ತಿಲ್ಲ

ತಂಬೂರಿ_ತಂತಿ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಸಾಕಾಗಿ ಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಮೈಸೂರು ಬಾನಿಯ ವೀಣೆ ಕೇಳುವವರ ಹಳೆಯ ಬಳಗ. ಒಂದು ವಿಳಾಸಕ್ಕೆ ಮೇಲ್ ಹಾಕಿದರೆ ಎಲ್ಲ ಸದಸ್ಯರಿಗೂ ಹೋಗುತ್ತದೆ. ಮೊದಲು ಯಾಹೂ ಗ್ರೂಪ್ಸ್‌ನಲ್ಲಿ ಇದ್ದೆವು. ಅದು 2020ರ ಡಿಸೆಂಬರ್‌ನಲ್ಲಿ ಮುಚ್ಚಿತು, ನಾವು ಅದಕ್ಕೂ ಮೊದಲೇ ಸ್ವಂತ ಡೊಮೇನ್ ತೆಗೆದುಕೊಂಡು ಮೇಲ್‌ಮ್ಯಾನ್ ಅನ್ನುವ ಮೇಲಿಂಗ್ ಲಿಸ್ಟ್ ತಂತ್ರಾಂಶಕ್ಕೆ ಬಂದುಬಿಟ್ಟಿದ್ದೆವು. ದೊರೆಸ್ವಾಮಿ ಅಯ್ಯಂಗಾರರ ಯಾವ ಆಕಾಶವಾಣಿ ಕಚೇರಿಯ ಟೇಪ್ ಯಾರ ಹತ್ರ ಇದೆ, ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲು 8ನೇ ಕ್ರಾಸ್ ಪೆಂಡಾಲಿನಲ್ಲಿ ಯಾವತ್ತು ಯಾರು, ಎಲ್ಲ ಮಾತೂ ಇದರಲ್ಲೇ.

ಈಗ ಬೆಳಿಗ್ಗೆ ತೆಗೆದರೆ "ನಿಮ್ಮ ಪಾರ್ಸೆಲ್ ನಿಂತಿದೆ", "ಕೆವೈಸಿ ಅವಧಿ ಮುಗಿದಿದೆ", ಮಾತ್ರೆ, ಕ್ರಿಪ್ಟೊ, ರಷ್ಯನ್ ಅಕ್ಷರದ ಉದ್ದುದ್ದ ಮೇಲ್. ಅದೂ ನಮ್ಮ ಸದಸ್ಯರ ಹೆಸರಲ್ಲೇ! ಗಾನಭಾರತಿಯಲ್ಲಿ ಕಚೇರಿ ಇದೆ ಅಂತ ಹಾಕಿದ ಮೇಲ್ ಇವುಗಳ ಮಧ್ಯೆ ಹೂತುಹೋಯಿತು, ಅರ್ಧ ಜನ ನೋಡಲೇ ಇಲ್ಲ. ಎಪ್ಪತ್ತು ದಾಟಿದ ಸದಸ್ಯರೊಬ್ಬರು ಕರೆಂಟ್ ಬಿಲ್ ಕಟ್ಟಿ ಅಂತ ಬಂದ ಲಿಂಕ್ ಒತ್ತಿದ್ದಾರೆ. ಓಟಿಪಿ ಹಾಕುವ ಹೊತ್ತಿಗೆ ಮಗಳು ನೋಡಿ ತಡೆದಿದ್ದಾಳೆ. ಅವರು ಆ ಲಿಂಕ್ ನಂಬಿದ್ದು ಬಳಗದಿಂದ ಬಂದಿದೆ ಅನ್ನುವ ಒಂದೇ ಕಾರಣಕ್ಕೆ.

ಮೇಲ್‌ಗೆ ಅಂಕ ಹಾಕಿ ಜಂಕ್ ಹಿಡಿಯುವ ಸ್ಪ್ಯಾಮ್‌ಅಸ್ಯಾಸಿನ್ ಇದೆ. ಎಸ್‌ಪಿಎಫ್ (ಒಂದು ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ) ಹಾಕಿದ್ದೇನೆ. ಗ್ರೇಲಿಸ್ಟಿಂಗ್ (ಹೊಸಬರ ಮೇಲ್‌ಗೆ ಮೊದಲ ಸಲ ಆಮೇಲೆ ಬಾ ಅನ್ನುವುದು) ಇದೆ, ಕೆಟ್ಟ ಸರ್ವರ್‌ಗಳ ಬ್ಲಾಕ್‌ಲಿಸ್ಟ್ ಇದೆ. ಸದಸ್ಯರಲ್ಲದವರ ಮೇಲ್ ಬಿಡಬೇಡ ಅಂತಲೂ ಇದೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್, ಮಾಮೂಲಿ ಸೆಟಪ್, ವಿಶೇಷ ಏನೂ ಇಲ್ಲ. ಏನು ಮಾಡಲಿ?

ಸಕ್ಕರೆನಾಡು_ಸರ್ವರ್ (ಮಂಡ್ಯ)

ಸಾರ್, ಇದು ಬೇಯ್ಸ್ (ಹಳೆಯ ಮೇಲ್ ನೋಡಿ ಜಂಕ್ ಗುರುತಿಸಲು ಕಲಿಯುವ ಭಾಗ) ಸಮಸ್ಯೆ, ನೋಡಿದ ತಕ್ಷಣ ಗೊತ್ತಾಗುತ್ತದೆ. ಸ್ಪ್ಯಾಮ್‌ಅಸ್ಯಾಸಿನ್ ಹಾಕಿದರೆ ಸಾಲದು, ಕಲಿಸಬೇಕು. ಕನಿಷ್ಠ 200 ಜಂಕ್, 200 ಒಳ್ಳೆಯ ಮೇಲ್ ಕೊಡುವವರೆಗೆ ಅದರ ಬೇಯ್ಸ್ ಭಾಗ ಕೆಲಸವನ್ನೇ ಶುರುಮಾಡುವುದಿಲ್ಲ. ಕಲಿಸುವ ಆದೇಶ ಎಸ್‌ಎ-ಲರ್ನ್ ಓಡಿಸಿ. ಜಂಕ್ ಅನ್ನುವ ಅಂಕದ ಗಡಿ 5 ಇರುತ್ತದೆ, 3.5ಕ್ಕೆ ಇಳಿಸಿ. ಎರಡು ದಿನದಲ್ಲಿ ಸರಿಹೋಗುತ್ತದೆ.

ಚಾಮುಂಡಿ_ತಪ್ಪಲು (ಮೈಸೂರು)

"ಎಸ್‌ಪಿಎಫ್ ಹಾಕಿದ್ದೇನೆ" ಅಂದರೆ ಏನು? ನಿಮ್ಮ ಡೊಮೇನ್‌ಗೆ ಡಿಎನ್‌ಎಸ್‌ನಲ್ಲಿ (ಡೊಮೇನ್‌ಗಳ ವಿಳಾಸಪುಸ್ತಕ) ರೆಕಾರ್ಡ್ ಹಾಕಿದ್ದೀರಾ, ಅಥವಾ ಒಳಗೆ ಬರುವ ಮೇಲ್‌ಗೆ ಪರೀಕ್ಷೆ ಇಟ್ಟಿದ್ದೀರಾ? ಎರಡೂ ಬೇರೆ ಬೇರೆ. ರೆಕಾರ್ಡ್ ಹಾಕಿದರೆ ನಿಮ್ಮ ಹೆಸರಲ್ಲಿ ಬೇರೆಯವರಿಗೆ ಹೋಗುವ ಸುಳ್ಳು ಮೇಲ್ ಕಡಿಮೆಯಾಗಬಹುದು ಅಷ್ಟೇ. ನಿಮಗೆ ಬರುವ ಜಂಕ್ ಅದರಿಂದ ನಿಲ್ಲುವುದಿಲ್ಲ. ಇನ್ನೊಂದು ವಿಷಯ, ಎಸ್‌ಪಿಎಫ್ ನೋಡುವುದು ಲಕೋಟೆಯ ವಿಳಾಸವನ್ನು, ಅಂದರೆ ಸರ್ವರ್‌ಗಳು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಕಳಿಸಿದವರ ವಿಳಾಸವನ್ನು. ಓದುವವರಿಗೆ ಕಾಣುವ ಫ್ರಮ್ ಸಾಲನ್ನು ಅಲ್ಲ. ಮೇಲ್‌ಮ್ಯಾನ್ ಸದಸ್ಯರನ್ನು ಗುರುತಿಸುವುದು ಮುಖ್ಯವಾಗಿ ಫ್ರಮ್ ನೋಡಿ. ನಿಮ್ಮ ಹಳೆಯ ಮೇಲ್‌ಗಳೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಇವೆಯಾ? ಹಾಗಿದ್ದರೆ ಸದಸ್ಯರ ವಿಳಾಸ ಅಲ್ಲಿಂದಲೇ ಹೋಗಿರುತ್ತದೆ.

ತಂಬೂರಿ_ತಂತಿ

ಎರಡೂ ಇದೆ ಸಾರ್, ರೆಕಾರ್ಡೂ ಇದೆ, ಪರೀಕ್ಷೆಯೂ ಇದೆ. ಹಳೆಯ ಮೇಲ್‌ಗಳು ಎಲ್ಲರಿಗೂ ಕಾಣುತ್ತಿದ್ದವು, ಈಗ ಸದಸ್ಯರಿಗೆ ಮಾತ್ರ ಅಂತ ಮಾಡಿದ್ದೇನೆ.

ಮಂಡ್ಯದ ಸಾರ್, ಬೇಯ್ಸ್‌ಗೆ ನೀವು ಹೇಳಿದಷ್ಟು ಕಲಿಸಿದೆ. ಜಂಕ್ ಹಾಗೇ ಬರುತ್ತಿದೆ. ಗಡಿ 3.5ಕ್ಕೆ ಇಳಿಸಿದ್ದಕ್ಕೆ ನಮ್ಮ ಹಿರಿಯರೊಬ್ಬರ ಮೇಲ್ ತಡೆಹಿಡಿದು ಕೂತಿತ್ತು. ಅವರು ತಮ್ಮ ಸ್ಪೂಲ್ ಟೇಪುಗಳ ಪಟ್ಟಿ ಕಳಿಸಿದ್ದರು, ಇಂಗ್ಲಿಷ್ ದೊಡ್ಡಕ್ಷರದಲ್ಲಿ, ರಾಗ, ಕೃತಿ, ಎಷ್ಟು ನಿಮಿಷ ಅಂತ ಒಂದೊಂದೇ ಸಾಲು. ಅಂಥ ಮೇಲ್ ಜಂಕ್ ಅಂತ ಬಿದ್ದರೆ ಬಳಗ ಇಟ್ಟುಕೊಂಡು ಏನು ಪ್ರಯೋಜನ?

ಸಕ್ಕರೆನಾಡು_ಸರ್ವರ್

ಇನ್ನೂ ಜಾಸ್ತಿ ಕಲಿಸಿ. 200 ಅನ್ನುವುದು ಶುರು ಅಷ್ಟೇ. ಸಾವಿರದ ಮೇಲೆ ಕೊಟ್ಟರೆ ನಿಮ್ಮ ಬಳಗದ ಮಾತಿನ ರೀತಿ ಅದಕ್ಕೆ ಚೆನ್ನಾಗಿ ಹಿಡಿಯುತ್ತದೆ. ರಾಗದ ಹೆಸರು ಇರುವ ಮೇಲ್ ಯಾವುದೂ ಜಂಕ್ ಆಗುವುದಿಲ್ಲ. ನನ್ನ ಸರ್ವರ್‌ನಲ್ಲಿ ಹಾಗೇ ಮಾಡಿದ್ದೇನೆ, ಒಂದೂ ಬರುವುದಿಲ್ಲ.

ಹಿರೋಡೆ_ಹುಡುಗ (ಪಾಂಡವಪುರ)

ಇಷ್ಟೆಲ್ಲ ಯಾಕೆ ಸಾರ್, ವಾಟ್ಸ್ಆಪ್ ಗ್ರೂಪ್ ಮಾಡಿಬಿಡಿ. 1024 ಜನ ಹಿಡಿಸುತ್ತಾರೆ. ನಮ್ಮ ಊರಿನ ಭಜನಾ ಮಂಡಳಿ, ರೈತರ ಗುಂಪು ಎಲ್ಲ ಅದರಲ್ಲೇ ಇವೆ.

78_ತಟ್ಟೆ (ಶಿವರಾಂಪೇಟೆ, ಮೈಸೂರು)

ವಾಟ್ಸ್ಆಪ್ ಬೇಡ. ದಯವಿಟ್ಟು ಬೇಡ. ನಾನೂ ಈ ಬಳಗದ ಸದಸ್ಯ. ಯಾವ ವರ್ಷ ಯಾರು ಯಾವ ಟೇಪಿನ ಬಗ್ಗೆ ಏನು ಬರೆದರು ಅಂತ ಈಗಲೂ ಹುಡುಕಿದರೆ ಸಿಗುತ್ತದೆ. ಬರೆದವರಲ್ಲಿ ಕೆಲವರು ಈಗ ಇಲ್ಲ. ವೀಣೆ ಶೇಷಣ್ಣನವರ ಪರಂಪರೆಯ ಬಗ್ಗೆ ಒಬ್ಬರು ಬರೆದ ಉದ್ದದ ಮೇಲ್‌ಗಳನ್ನು ನಾನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಗುಡ್ ಮಾರ್ನಿಂಗ್ ಫೋಟೊಗಳ ನಡುವೆ ಅದೆಲ್ಲ ಉಳಿಯುವುದಿಲ್ಲ.

ಟೇಪಿನ ಮಾತು ಬಂತು ಅಂತ ಹೇಳುತ್ತೇನೆ, ಗ್ಯಾರಾರ್ಡ್ 301 ಅನ್ನುವ, ತಟ್ಟೆ ತಿರುಗಿಸುವ ಹಳೆಯ ಯಂತ್ರ ಒಂದನ್ನು ರಿಪೇರಿ ಮಾಡಿಸಿ ಕೂರಿಸಿದ್ದೇನೆ. ಚೌಡಯ್ಯನವರ 78 ತಟ್ಟೆಗೆ (ನಿಮಿಷಕ್ಕೆ 78 ಸುತ್ತಿನ ಹಳೆಯ ರೆಕಾರ್ಡ್) 3 ಮಿಲ್ ಅಳತೆಯ ದಪ್ಪ ಮುಳ್ಳು ಬೇರೆ, ಎಲ್‌ಪಿಗೆ ಬೇರೆ. ಎಲ್‌ಪಿ ಮುಳ್ಳಲ್ಲಿ 78 ಹಾಕುವವರು ದಯವಿಟ್ಟು ನಿಲ್ಲಿಸಿ. ಸಣ್ಣ ಮುಳ್ಳು ತಟ್ಟೆಯ ಗೀರಿನ ತಳದಲ್ಲಿ ಉಜ್ಜುತ್ತದೆ, ಬರೀ ಸರಸರ ಶಬ್ದ ಕೇಳಿ ತಟ್ಟೆಯೇ ಹೋಗಿದೆ ಅಂದುಕೊಳ್ಳುತ್ತಾರೆ. ಸರಿಯಾದ ಮುಳ್ಳು ಹಾಕಿದರೆ ಏಳು ತಂತಿಯ ಪಿಟೀಲಿನ ಆ ತುಂಬು ನಾದ ಎದುರಿಗೇ ಕೂತ ಹಾಗೆ ಬರುತ್ತದೆ.

ಸಕ್ಕರೆನಾಡು_ಸರ್ವರ್

301 ಎಲ್ಲಿ ಸಿಕ್ಕಿತು ಸಾರ್? ತಟ್ಟೆ ತಿರುಗಿಸುವ ಐಡ್ಲರ್ ಚಕ್ರದ ರಬ್ಬರ್ ಯಾರು ಮಾಡಿಕೊಟ್ಟರು? ನಮ್ಮ ತಂದೆಯದೂ ಒಂದು ಇದೆ, ಗರಗರ ಅನ್ನುತ್ತದೆ.

ಕಾರಂಜಿ_ಕೆರೆ (ಮೈಸೂರು)

ತಂಬೂರಿಯವರೇ, ಒಂದು ಜಂಕ್ ಮೇಲ್‌ನ ಪೂರ್ತಿ ಹೆಡರ್ (ಅದು ಬಂದ ದಾರಿ ಬರೆದಿರುವ ತಲೆಯ ಸಾಲುಗಳು) ಹಾಕಿ. ಅದು ನೋಡದೆ ಯಾರು ಏನು ಹೇಳಿದರೂ ಊಹೆ. ಅಲ್ಲಿಯವರೆಗೆ ಮೇಲ್‌ಮ್ಯಾನ್‌ನಲ್ಲಿ ಎಮರ್ಜೆನ್ಸಿ ಮಾಡರೇಶನ್ ಆನ್ ಮಾಡಿ. ಎಲ್ಲ ಮೇಲ್ ನಿಮ್ಮ ಹತ್ರ ನಿಲ್ಲುತ್ತದೆ, ನೀವು ನೋಡಿ ಬಿಡಬಹುದು. ಕೆಲಸ ಜಾಸ್ತಿ, ಆದರೆ ವಯಸ್ಸಾದವರ ದುಡ್ಡು ಉಳಿಯುತ್ತದೆ. ಯಾರಾದರೂ ಈಗಾಗಲೇ ದುಡ್ಡು ಕಳೆದುಕೊಂಡಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ, ತಡಮಾಡಬೇಡಿ.

ತಂಬೂರಿ_ತಂತಿ

ಎಮರ್ಜೆನ್ಸಿ ಆನ್ ಮಾಡಿದೆ ಮೇಡಂ. ಹೆಡರ್ ಇದು. ಫ್ರಮ್: ನಮ್ಮ ಸದಸ್ಯರೊಬ್ಬರ ವಿಳಾಸ. ಸಬ್ಜೆಕ್ಟ್: ನಿಮ್ಮ ಪಾರ್ಸೆಲ್ ನಿಂತಿದೆ. ಟು: ಬಳಗದ ವಿಳಾಸ.

ಕಾರಂಜಿ_ಕೆರೆ

ಅದಲ್ಲ. ಅದೆಲ್ಲ ಕಳಿಸುವವರು ಏನು ಬೇಕಾದರೂ ಬರೆಯಬಹುದು. ಮೇಲ್ ತೆರೆದು ಮೂಲ ರೂಪ ನೋಡುವ ಆಯ್ಕೆ ಒತ್ತಿ. ರಿಸೀವ್ಡ್ ಅಂತ ಶುರುವಾಗುವ ಸಾಲುಗಳೆಲ್ಲ ಬೇಕು. ಮೇಲಿನದು ಕೊನೆಯ ಸರ್ವರ್ ಬರೆದದ್ದು, ಕೆಳಗೆ ಹೋದ ಹಾಗೆ ಹಿಂದಿನವು. ಸ್ಪ್ಯಾಮ್‌ಅಸ್ಯಾಸಿನ್ ಅಂಕ ಬರೆದ ಎಕ್ಸ್-ಸ್ಪ್ಯಾಮ್-ಸ್ಟೇಟಸ್ ಸಾಲೂ ಬೇಕು. ಸದಸ್ಯರ ವಿಳಾಸ ಮಾತ್ರ ಅಳಿಸಿ ಹಾಕಿ.

ಚಾಮುಂಡಿ_ತಪ್ಪಲು

ಹೆಡರ್ ಬರಲಿ, ಆದರೆ ನನ್ನ ಮಾತು ಅದೇ. ಡಿಮಾರ್ಕ್ ಪರೀಕ್ಷೆ (ಕಾಣುವ ಫ್ರಮ್ ನಿಜವೇ ಅಂತ ನೋಡುವುದು) ಇಲ್ಲದೆ ಫ್ರಮ್ ಸುಳ್ಳು ಹಿಡಿಯಲು ಆಗುವುದಿಲ್ಲ.

ತಂಬೂರಿ_ತಂತಿ

ಈಗ ಸಿಕ್ಕಿತು. ಉದ್ದ ಇದೆ, ಮುಖ್ಯವಾದದ್ದು ಹಾಕುತ್ತೇನೆ.

ರಿಸೀವ್ಡ್: ಎಂಎಕ್ಸ್2 ಅನ್ನುವ ಯಂತ್ರದಿಂದ, ನಮ್ಮ ಸರ್ವರ್‌ಗೆ.
ರಿಸೀವ್ಡ್: ಯಾವುದೋ ಹೊರದೇಶದ ಐಪಿಯಿಂದ, ಎಂಎಕ್ಸ್2ಗೆ.

ಎಕ್ಸ್-ಸ್ಪ್ಯಾಮ್ ಸಾಲು ಇದರಲ್ಲಿ ಇಲ್ಲ. ಬೇರೆ ಜಂಕ್‌ಗಳಲ್ಲೂ ನೋಡಿದೆ, ಅವುಗಳಲ್ಲೂ ಇಲ್ಲ. ಸದಸ್ಯರು ನಿಜವಾಗಿ ಕಳಿಸಿದ ಮೇಲ್‌ನಲ್ಲಿ ಇದೆ.

ಕಾರಂಜಿ_ಕೆರೆ

ಬೇಯ್ಸ್ ವಿಷಯ ಇಲ್ಲಿಗೆ ಬಿಡಿ. ಆ ಸಾಲು ಇಲ್ಲ ಅಂದರೆ ಸ್ಪ್ಯಾಮ್‌ಅಸ್ಯಾಸಿನ್ ಆ ಮೇಲನ್ನು ಮುಟ್ಟೇ ಇಲ್ಲ. ಎಷ್ಟು ಕಲಿಸಿದರೂ ವ್ಯರ್ಥ. ಈಗ ಹೇಳಿ, ಎಂಎಕ್ಸ್2 ಯಾರದು? ಪೋಸ್ಟ್‌ಫಿಕ್ಸ್‌ನ ಮೈನೆಟ್‌ವರ್ಕ್ಸ್ (ನಮ್ಮವು ಅಂತ ನಂಬುವ ಯಂತ್ರಗಳ ಪಟ್ಟಿ) ಸಾಲಿನಲ್ಲಿ ಅದರ ಐಪಿ ಇದೆಯಾ?

ತಂಬೂರಿ_ತಂತಿ

ಅದು ನಮ್ಮ ಬ್ಯಾಕಪ್ ಎಂಎಕ್ಸ್ ಮೇಡಂ, ಮುಖ್ಯ ಸರ್ವರ್ ಸಿಗದಾಗ ಮೇಲ್ ತೆಗೆದುಕೊಳ್ಳುವ ಯಂತ್ರ. ಡೊಮೇನ್ ತೆಗೆದುಕೊಂಡಾಗ ಹಳೆಯ ಹೋಸ್ಟಿಂಗ್‌ನವರು ಕೊಟ್ಟದ್ದು. ಎಲ್ಲರಿಗೂ ಎರಡು ಎಂಎಕ್ಸ್ ಇರುತ್ತದಲ್ವಾ, ಅದಕ್ಕೇ ಹೇಳಲಿಲ್ಲ. ಸರದಿ ಸಂಖ್ಯೆ ನಮ್ಮದು 10, ಅದು 20, ಸಣ್ಣದಕ್ಕೆ ಮೊದಲು. ಹೌದು, ಐಪಿ ಮೈನೆಟ್‌ವರ್ಕ್ಸ್‌ನಲ್ಲಿ ಇದೆ, ಇಲ್ಲದಿದ್ದರೆ ಅಲ್ಲಿಂದ ಬಂದ ಮೇಲ್ ಗ್ರೇಲಿಸ್ಟ್‌ಗೆ ಸಿಕ್ಕಿ ತಡವಾಗುತ್ತಿತ್ತು.

ಕಾರಂಜಿ_ಕೆರೆ

ಅಲ್ಲೇ ಇದೆ. ಮುಂಬಾಗಿಲಿಗೆ ನಾಲ್ಕು ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಗಿದೆ.

ಜಂಕ್ ಕಳಿಸುವವರಲ್ಲಿ ಎಷ್ಟೋ ಜನ ಬೇಕೆಂದೇ ದೊಡ್ಡ ಸಂಖ್ಯೆಯ ಎಂಎಕ್ಸ್‌ಗೆ ಮೊದಲು ಹೋಗುತ್ತಾರೆ, ಬ್ಯಾಕಪ್‌ನಲ್ಲಿ ಫಿಲ್ಟರ್ ಕಡಿಮೆ ಅಂತ ಅವರಿಗೆ ಗೊತ್ತು. ಅದು ನಿಮ್ಮ ಡೊಮೇನ್‌ಗೆ ಬಂದದ್ದನ್ನೆಲ್ಲ ತೆಗೆದುಕೊಂಡು ನಿಮಗೆ ದಾಟಿಸುತ್ತದೆ. ನಿಮ್ಮ ಪೋಸ್ಟ್‌ಫಿಕ್ಸ್ "ಇದು ಮೈನೆಟ್‌ವರ್ಕ್ಸ್, ನಮ್ಮವರೇ" ಅಂತ ಮೊದಲ ಸಾಲಿನಲ್ಲೇ ಒಳಗೆ ಬಿಡುತ್ತದೆ. ಆಮೇಲಿನ ಬ್ಲಾಕ್‌ಲಿಸ್ಟ್, ಎಸ್‌ಪಿಎಫ್, ಗ್ರೇಲಿಸ್ಟ್ ಯಾವುದಕ್ಕೂ ಅದು ಸಿಗುವುದಿಲ್ಲ. ಮೇಲನ್ನು ಸ್ಪ್ಯಾಮ್‌ಅಸ್ಯಾಸಿನ್‌ಗೆ ಕೊಡುವ ಮಿಲ್ಟರ್‌ಗೂ ನಮ್ಮ ನೆಟ್‌ವರ್ಕ್ ಬಿಟ್ಟುಬಿಡು ಅಂತ ಹೇಳಿರುತ್ತೀರಿ, ನೋಡಿ. ಫ್ರಮ್‌ನಲ್ಲಿ ಸದಸ್ಯರ ಹೆಸರು ಇರುವುದರಿಂದ ಮೇಲ್‌ಮ್ಯಾನ್ ಕೂಡ ಬಿಡುತ್ತದೆ.

ಹೀಗೆ ಮಾಡಿ. ಡಿಎನ್‌ಎಸ್‌ನಿಂದ 20ರ ಎಂಎಕ್ಸ್ ತೆಗೆಯಿರಿ. ಅಷ್ಟಕ್ಕೇ ಬಿಡಬೇಡಿ, ಹಳೆಯ ಐಪಿ ನೆನಪಿಟ್ಟುಕೊಂಡು ಕಳಿಸುವವರು ಇರುತ್ತಾರೆ. ಮೈನೆಟ್‌ವರ್ಕ್ಸ್‌ನಿಂದಲೂ ಮಿಲ್ಟರ್‌ನಿಂದಲೂ ಆ ಐಪಿ ತೆಗೆಯಿರಿ. ಟಿಟಿಎಲ್ (ಹಳೆಯ ಡಿಎನ್‌ಎಸ್ ಮಾಹಿತಿ ಎಷ್ಟು ಸೆಕೆಂಡು ಉಳಿಯುತ್ತದೆ ಅನ್ನುವುದು) 86400 ಇದ್ದರೆ ಒಂದು ದಿನ ಕಾಯಬೇಕು. ಅದರ ಮೇಲೆ ಸ್ವಲ್ಪ ಬಿಟ್ಟು ಆ ಐಪಿಯನ್ನು ಪೂರ್ತಿ ನಿರಾಕರಿಸಿ. ಹಳೆಯ ಹೋಸ್ಟಿಂಗ್‌ನವರಿಗೆ ನಿಮ್ಮ ಡೊಮೇನ್ ಅವರ ಪಟ್ಟಿಯಿಂದ ತೆಗೆಯಲು ಬರೆಯಿರಿ. ಇಲ್ಲದಿದ್ದರೆ ನೀವು ನಿರಾಕರಿಸಿದ್ದನ್ನೆಲ್ಲ ಅವರ ಯಂತ್ರ ಫ್ರಮ್‌ನಲ್ಲಿರುವ ಪಾಪದವರಿಗೆ ವಾಪಸ್ ಕಳಿಸುತ್ತಾ ಇರುತ್ತದೆ.

ಸಕ್ಕರೆನಾಡು_ಸರ್ವರ್

ಬ್ಯಾಕಪ್ ತೆಗೆದರೆ ಸರ್ವರ್ ನಿಂತಾಗ ಬಂದ ಮೇಲ್ ಹೋಗಿಬಿಡುತ್ತದಲ್ಲ ಮೇಡಂ? ಇದನ್ನು ನಾನು ಒಪ್ಪುವುದಿಲ್ಲ. ನಾನು ಮನೆಯಲ್ಲೇ ರಾಸ್ಪ್‌ಬೆರಿ ಪೈ ಮೇಲೆ ಮೇಲ್ ಸರ್ವರ್ ಇಟ್ಟಿದ್ದೇನೆ, ದೊಡ್ಡ ಬ್ಯಾಟರಿಯ ಯುಪಿಎಸ್ ಇದೆ, ಕರೆಂಟ್ ಹೋದರೂ ಅರ್ಧ ದಿನ ಓಡುತ್ತದೆ. ಆದರೂ ಬ್ಯಾಕಪ್ ಇಟ್ಟಿದ್ದೇನೆ.

ಚಾಮುಂಡಿ_ತಪ್ಪಲು

ಮನೆಯ ಇಂಟರ್ನೆಟ್‌ನಿಂದ ನೇರ ಮೇಲ್ ಕಳಿಸುತ್ತೀರಾ? ಸಾಧಾರಣವಾಗಿ ಮೇಲ್ ಹೋಗುವ 25ನೇ ಪೋರ್ಟ್ ಮುಚ್ಚಿರುತ್ತಾರೆ. ತೆರೆದಿದ್ದರೂ ಮನೆ ಐಪಿಗಳು ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್ ಅನ್ನುವ ತಡೆಪಟ್ಟಿಯಲ್ಲಿ ಇರುತ್ತವೆ, ಯಾರೂ ತೆಗೆದುಕೊಳ್ಳುವುದಿಲ್ಲ.

ಸಕ್ಕರೆನಾಡು_ಸರ್ವರ್

ಕಳಿಸುವುದು ರಿಲೇ (ಬೇರೆಯವರ ಸರ್ವರ್) ಮೂಲಕ. ತೆಗೆದುಕೊಳ್ಳುವುದು ನೇರ. ಸುಮ್ನೆ ಗೊತ್ತಿಲ್ಲದೆ ಹೇಳಬೇಡಿ.

ಕಾರಂಜಿ_ಕೆರೆ

ಮೇಲ್ ಕಳೆದುಹೋಗುವುದಿಲ್ಲ ಅಣ್ಣ. ನಿಮ್ಮ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ತನ್ನ ಹತ್ರವೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೇಲ್ ಸಾಗಿಸುವ ಎಸ್‌ಎಂಟಿಪಿಯ ನಿಯಮ ಆರ್‌ಎಫ್‌ಸಿ 5321ರಲ್ಲಿ ಕನಿಷ್ಠ 4-5 ದಿನ ಬಿಡಬಾರದು ಅಂತ ಇದೆ. ಬ್ಯಾಕಪ್ ಎಂಎಕ್ಸ್ ಇಡುವುದಾದರೆ ಮುಖ್ಯ ಸರ್ವರ್‌ನಲ್ಲಿರುವ ಎಲ್ಲ ಫಿಲ್ಟರೂ, ಎಲ್ಲ ವಿಳಾಸದ ಪಟ್ಟಿಯೂ ಅದರಲ್ಲಿ ಇರಬೇಕು. ಆಗದಿದ್ದರೆ ಇಲ್ಲದಿರುವುದೇ ಒಳ್ಳೆಯದು. ನಿಮ್ಮದರಲ್ಲೂ ಒಮ್ಮೆ ನೋಡಿ.

ತಂಬೂರಿ_ತಂತಿ

ಮೇಡಂ, ನಿಂತಿತು! ಮೈನೆಟ್‌ವರ್ಕ್ಸ್‌ನಿಂದ ಐಪಿ ತೆಗೆದ ತಕ್ಷಣವೇ ಲಾಗ್‌ನಲ್ಲಿ ಸಾಲು ಸಾಲು ರಿಜೆಕ್ಟ್. ಈಗ ಎಂಎಕ್ಸ್ ಕೂಡ ತೆಗೆದಿದ್ದೇನೆ. ಎಲ್ಲೋ ಒಂದೆರಡು ಬರುತ್ತಿವೆ, ಅವುಗಳಿಗೆ ಚಾಮುಂಡಿ ಸಾರ್ ಹೇಳಿದ ಡಿಮಾರ್ಕ್ ಪರೀಕ್ಷೆ ಹಾಕುತ್ತೇನೆ. ಅಂಕದ ಗಡಿ ಮತ್ತೆ 5ಕ್ಕೆ ಏರಿಸಿದೆ. ಟೇಪಿನ ಪಟ್ಟಿ ಎಲ್ಲರಿಗೂ ಹೋಯಿತು.

ಆದರೆ ಈಗ ಬೇರೆ ಗೋಳು. ಮೇಲ್ ಬಂದೇ ಇಲ್ಲ ಅಂತ ಕೆಲವರು ಫೋನ್ ಮಾಡುತ್ತಿದ್ದಾರೆ. ಸದಸ್ಯರ ಪಟ್ಟಿಯಲ್ಲಿ ಅವರ ಮುಂದೆ ನೋಮೇಲ್ (ಮೇಲ್ ಕಳಿಸಬೇಡ) ಗುರುತು, ಪಕ್ಕದಲ್ಲಿ ಬಿ ಅಕ್ಷರ. ನಾನು ಹಾಕಿಲ್ಲ.

ಕಾರಂಜಿ_ಕೆರೆ

ಬಿ ಅಂದರೆ ಬೌನ್ಸ್, ಮೇಲ್ ವಾಪಸ್ ಬಂದಿದೆ ಅಂತ. ನಿಮ್ಮಿಂದ ಹೋದ ಜಂಕನ್ನು ಅವರ ಮೇಲ್ ಕಂಪನಿ ತಿರಸ್ಕರಿಸಿದೆ. ಮೇಲ್‌ಮ್ಯಾನ್ 2.1 ಅದನ್ನು ಸದಸ್ಯರ ವಿಳಾಸದ ತಪ್ಪು ಅಂತ ಲೆಕ್ಕ ಹಾಕಿ, ಅಂಕ 5 ಆದ ಮೇಲೆ ಮೇಲ್ ನಿಲ್ಲಿಸಿದೆ. ಇದನ್ನು ಇವತ್ತೇ ನೋಡಿ. ಮಾಮೂಲಿ ಸೆಟ್ಟಿಂಗ್ ಹಾಗೇ ಇದ್ದರೆ 7 ದಿನಕ್ಕೊಂದರಂತೆ 3 ಎಚ್ಚರಿಕೆ ಕಳಿಸಿ ಆಮೇಲೆ ಸದಸ್ಯತ್ವವನ್ನೇ ತೆಗೆದುಹಾಕುತ್ತದೆ. ಆ ಎಚ್ಚರಿಕೆಯೂ ಎಷ್ಟೋ ಜನರಿಗೆ ಜಂಕ್ ಫೋಲ್ಡರ್‌ಗೆ ಹೋಗಿರುತ್ತದೆ. ಬಿ ಇರುವವರ ನೋಮೇಲ್ ಗುರುತು ತೆಗೆದು ಸೇವ್ ಮಾಡಿ, ಅಂಕವೂ ಸೊನ್ನೆಯಾಗುತ್ತದೆ. ಈಗಾಗಲೇ ತೆಗೆದುಹಾಕಿದವರ ವಿಳಾಸ ಸಬ್‌ಸ್ಕ್ರೈಬ್ ಲಾಗ್‌ನಲ್ಲಿ ಸಿಗುತ್ತದೆ.

78_ತಟ್ಟೆ

ಅದಕ್ಕೇ! ಎಷ್ಟೋ ದಿನದಿಂದ ಏನೂ ಬರುತ್ತಿಲ್ಲ, ಬಳಗ ತಣ್ಣಗಾಗಿದೆ ಅಂದುಕೊಂಡಿದ್ದೆ. ಲಾಗ್‌ನಲ್ಲಿ ನನ್ನ ವಿಳಾಸವನ್ನೂ ಒಮ್ಮೆ ನೋಡಿ ಸಾರ್.

ತಂಬೂರಿ_ತಂತಿ

ನೋಡಿದೆ. ನಿಮ್ಮದೂ ಇದೆ. ಬಳಗ ಶುರುವಾದಾಗಿನಿಂದ ಇದ್ದವರ ಹೆಸರೂ ಇವೆ, ಮೇಲ್ ನಿಂತರೆ ಕೇಳಲು ಸಂಕೋಚ ಪಡುವಂಥವರು. ಬಿ ಇದ್ದವರದು ಸರಿಮಾಡಿದೆ. ತೆಗೆದುಹಾಕಿದವರನ್ನು ನೇರವಾಗಿ ಸೇರಿಸಲೇ, ಆಹ್ವಾನ ಕಳಿಸಲೇ ಮೇಡಂ?

ಕಾರಂಜಿ_ಕೆರೆ

ನೇರವಾಗಿ ಸೇರಿಸಿ, ಅವರು ಬಿಟ್ಟುಹೋದವರಲ್ಲ. ಆಹ್ವಾನ ಕಳಿಸಿದರೆ ಲಿಂಕ್ ಒತ್ತಬೇಕಾಗುತ್ತದೆ, ಇಷ್ಟೆಲ್ಲ ಆದ ಮೇಲೆ ಅವರು ಒತ್ತಬಾರದು ಕೂಡ. ಸೇರಿಸುವ ಮೊದಲು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿಬಿಡಿ. ಕೆಲವರ ವಿಳಾಸವೇ ಬದಲಾಗಿರಬಹುದು.

ಸಕ್ಕರೆನಾಡು_ಸರ್ವರ್

ನನ್ನ ಬ್ಯಾಕಪ್‌ನಲ್ಲಿ ವಿಳಾಸದ ಪಟ್ಟಿ ಇರಲಿಲ್ಲ, ಹಾಕುತ್ತಿದ್ದೇನೆ. ತಟ್ಟೆ ಸಾರ್, ಐಡ್ಲರ್ ಚಕ್ರದ ವಿಷಯ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ.