ಚೆಸ್‌ನ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಓಪನಿಂಗ್ (ಆಟ ಶುರು ಮಾಡುವ ಒಂದು ಕ್ರಮ): ಕಪ್ಪು ಇಷ್ಟು ಸಲೀಸಾಗಿ ಡ್ರಾ ಮಾಡೋದು ಹೇಗೆ?

ಪ್ರಶ್ನೆ:
ಬಿಳಿ ಕಾಯಿಯಲ್ಲಿ ಆಡಿದ ನನ್ನ ಆಟ ಮತ್ತೆ ಡ್ರಾ ಆಯಿತು. ಡಿ4, ಸಿ4 (ಅಕ್ಷರ-ಅಂಕಿ ಅಂದರೆ ಮಣೆಯ ಒಂದು ಮನೆ; ಕಾಯಿಯ ಹೆಸರಿಲ್ಲದಿದ್ದರೆ ಪಾನ್, ಅಂದರೆ ಕಾಲಾಳಿನ ನಡೆ), ಕುದುರೆ ಸಿ3, ಬಿಷಪ್ ಜಿ5, ಎಲ್ಲ ಹಳೇ ಕ್ಲಾಸಿಕಲ್ ನಡೆಗಳೇ. ಎದುರಾಳಿ ಸಿ4 ಪಾನ್ ಹೊಡೆದು ಕುದುರೆಯನ್ನು ಡಿ5ಗೆ ತಂದ. ಒಂದೊಂದು ಬಿಷಪ್ ಹೋಯಿತು, ಒಂದೊಂದು ಕುದುರೆ ಹೋಯಿತು, ಆಮೇಲೆ ಇ5 ಆಡಿದ. ಅಲ್ಲಿ ಉಳಿದ ಕುದುರೆಗಳೂ ಹೋದವು. ಸ್ವಲ್ಪ ಹೊತ್ತಿಗೆ ಕೈ ಕುಲುಕಿದೆವು. ಬಿಳಿಗೆ ಮೊದಲ ನಡೆಯ ಲಾಭ ಅಂತ ಇರುತ್ತದಲ್ವಾ, ಅದು ಎಲ್ಲಿ ಹೋಯಿತು?

ಉತ್ತರ 1:
ಡಿ5ರಲ್ಲಿ ಬೇಗ ಪಾನ್‌ಗೆ ಪಾನ್ ಹೊಡೆದು ಬದಲಿಸಿ, ಎಕ್ಸ್‌ಚೇಂಜ್ ವೇರಿಯೇಶನ್ ಅನ್ನುವ ದಾರಿ ಆಡಿ. ಬಿ4, ಬಿ5 ಅಂತ ನುಗ್ಗಿ ಸಿ6 ಪಾನ್ ಮೇಲೆ ಬೀಳಬಹುದು.

ಉತ್ತರ 2:
ಅದೂ ಸರಿ. ಆದರೆ ಪಾನ್ ಬದಲಿಸಿದರೆ ಸಿ8 ಬಿಷಪ್‌ಗೆ ನೀವೇ ದಾರಿ ಬಿಟ್ಟಂತೆ. ಈ ಓಪನಿಂಗ್‌ನ ಇಡೀ ಜಗಳ ಕಪ್ಪಿನ ಆ ಬಿಷಪ್‌ನದು. ಇ6 ಪಾನ್ ಅದರ ಬಾಗಿಲಿಗೇ ಅಡ್ಡ ನಿಂತಿರುತ್ತದೆ. ಕಪ್ಪು ಮೊದಲು ಕಾಯಿ ಕಡಿಮೆ ಮಾಡಿಕೊಂಡು, ಆಮೇಲೆ ಇ5 ಆಡಿ ಬಾಗಿಲು ತೆಗೆಯುತ್ತದೆ. ಇದು ಕ್ಯಾಪಬ್ಲಾಂಕಾ ಅವರ ಹೆಸರಿನಲ್ಲೇ ಇರುವ ಉಪಾಯ. ನಿಮ್ಮ ಎದುರಾಳಿ ಅದನ್ನೇ ಆಡಿದ್ದಾರೆ.

1927ರ ಬ್ಯೂನಸ್ ಐರಿಸ್ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಆಗಿನ ಚಾಂಪಿಯನ್ ಕ್ಯಾಪಬ್ಲಾಂಕಾ, ಅವರಿಗೆ ಸವಾಲು ಹಾಕಿದ ಅಲೆಖೈನ್ ಆಡಿದ 34 ಆಟಗಳಲ್ಲಿ 32 ಇದೇ ಓಪನಿಂಗ್! 25 ಡ್ರಾ. ಬೇಸರದ ಪಂದ್ಯ ಅಂತ ಜನ ಸುಮ್ನೆ ಹೇಳುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಬಿಳಿಯಲ್ಲಿ ಅಲೆಖೈನ್ 11ನೇ ನಡೆಯಲ್ಲಿ ಕ್ಯಾಸಲ್ (ರಾಜನನ್ನು ಆನೆಯ ಕಡೆಗೆ ಸರಿಸುವುದು) ಮಾಡದೆ ಕುದುರೆಯನ್ನು ಇ4ಗೆ ಒಯ್ದು, ಕುದುರೆಗಳ ಬದಲಾವಣೆಯನ್ನೇ ತಪ್ಪಿಸಿದರು. ಕ್ಯಾಪಬ್ಲಾಂಕಾ ರಾಣಿಯಿಂದ ಬಿ4ರಲ್ಲಿ ಚೆಕ್ ಕೊಟ್ಟು ರಾಣಿಗಳನ್ನೇ ಬದಲಿಸಿದರು. ಅಂಥ ಡ್ರಾಗಳಲ್ಲಿ ಇಬ್ಬರೂ ಬೆವರು ಹರಿಸಿದ್ದಾರೆ. ಕೊನೆಗೆ ಅಲೆಖೈನ್ 6–3ರಿಂದ ಗೆದ್ದರು. ಆ ಪಂದ್ಯಕ್ಕೆ ಮುಂಚೆ ಅವರು ಕ್ಯಾಪಬ್ಲಾಂಕಾರನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ನಿಮ್ಮ ಆಟಕ್ಕೆ ಬಂದರೆ, ಕಪ್ಪು ರಾಣಿ ಇ5ರಲ್ಲಿ ಕುದುರೆ ಹೊಡೆದ ಕೂಡಲೇ ಎಫ್4 ಆಡಿ. ಹಳೇ ಗ್ರ್ಯಾಂಡ್‌ಮಾಸ್ಟರ್ ರುಬಿನ್‌ಸ್ಟೈನ್ ಅವರ ದಾರಿ ಇದು. ರಾಣಿ ಎಫ್6ಗೆ ಹೋದರೆ ಎಫ್5. ಸಿ8 ಬಿಷಪ್ ಮತ್ತೆ ಒಳಗೇ!

ಪ್ರಶ್ನೆ ಕೇಳಿದವರು:
ಎಫ್4 ಆಡಿದರೆ ಇ3 ಪಾನ್ ಹಿಂದೆ ಉಳಿದು ದುರ್ಬಲವಾಗುತ್ತದಲ್ವಾ ಸರ್? ಕಪ್ಪು ರಾಣಿ ಇ4ಗೆ ಬಂದರೆ?

ಉತ್ತರ 2:
ಹೌದು, ಕಪ್ಪಿಗೆ ಅದೇ ಒಳ್ಳೆಯ ನಡೆ. ನೀವು ರಾಣಿ ಇ2 ಆಡಿ ಆ ಪಾನ್ ಕಾಯಿರಿ. ಕಪ್ಪು ಬಿಷಪ್ ಎಫ್5ಗೆ ಬರುತ್ತದೆ. ನೀವು ಬಿಷಪ್ ಡಿ3 ಆಡಿ, ಕಪ್ಪು ರಾಣಿ ಡಿ5ಗೆ ಸರಿದರೆ ನೀವು ಇ4. ಆ ದುರ್ಬಲ ಪಾನ್ ಮುಂದೆ ನಡೆಯಿತು ನೋಡಿ. ಇದೂ ಡ್ರಾ ಆಗಬಹುದು, ಆದರೆ ಆಟ ನಿಮ್ಮ ಕೈಯಲ್ಲಿರುತ್ತದೆ.