ಸಹಾಯ ಬೇಕು: ಎರಡು ದಾರಿ ಇದ್ದರೂ ಒಂದರಲ್ಲೇ ಓಡುತ್ತಿದೆ

ನಮಸ್ಕಾರ್ರೀ ಎಲ್ಲರಿಗೂ. ಹುಬ್ಬಳ್ಳಿ ವಿದ್ಯಾನಗರದ ಒಂದು ಸಣ್ಣ ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಸ್ಟೋರೇಜ್‌ಗೆ ಎರಡು ಕೇಬಲ್, ಎರಡು ಸ್ವಿಚ್. ಲಿನಕ್ಸ್ 4.15ರಿಂದ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಸ್ಟೋರೇಜ್ ಜೊತೆ ಮಾತಾಡೋ ಪದ್ಧತಿ) ಡ್ರೈವರ್ ಒಳಗೇ ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ದಾರಿ ಬಳಸೋದು) ಇದೆ ಅಲ್ವಾ, ಅದೇ ಕೆಲಸದ ಬೇರೆ ವ್ಯವಸ್ಥೆ ಡಿಎಂ-ಮಲ್ಟಿಪಾತ್ ಬಿಟ್ಟು ಅದಕ್ಕೆ ಬಂದೆ. ಈಗ ಎರಡೂ ದಾರಿ ಸೇರಿ ಒಂದೇ ಡಿಸ್ಕ್ ಕಾಣುತ್ತದೆ. ಬೇಕಂತಲೇ ಒಂದು ಕೇಬಲ್ ಕಿತ್ತೆ, ಕೆಲಸ ನಿಲ್ಲಲಿಲ್ಲ. ಖುಷಿಯಾಯಿತು.

ಆದರೆ ಲೋಡ್ ಎಲ್ಲ ಒಂದೇ ಕೇಬಲ್ ಮೇಲೆ. ಇನ್ನೊಂದು ಸುಮ್ನೆ ಕೂತಿದೆ. ಐಒ-ಪಾಲಿಸಿ (ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಅನ್ನೋ ಸೆಟ್ಟಿಂಗ್) ನೋಡಿದರೆ 'ನೂಮಾ', ಅಂದರೆ ಸಿಪಿಯುಗೆ ಹತ್ತಿರದ ದಾರಿಯನ್ನೇ ಬಳಸೋದು, ಡೀಫಾಲ್ಟ್ ಅದೇ. ಎಎನ್‌ಎ (ಯಾವ ದಾರಿ ಒಳ್ಳೇದು ಅಂತ ಸ್ಟೋರೇಜ್ ತಿಳಿಸೋ ವ್ಯವಸ್ಥೆ) ಎರಡೂ ದಾರಿಗೆ 'ಆಪ್ಟಿಮೈಸ್ಡ್' ಅಂತಲೇ ತೋರಿಸುತ್ತದೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ಬದಲಿಸೋ ಫೈಲುಗಳು) 'ರೌಂಡ್-ರಾಬಿನ್', ಅಂದರೆ ಸರದಿ ಪ್ರಕಾರ ಎರಡೂ ದಾರಿ, ಅಂತ ಬರೆದೆ, ಎರಡೂ ಓಡಿದವು. ರೀಬೂಟ್ ಆದರೆ ಮತ್ತೆ ನೂಮಾ!

ಇದು ಉಳಿಯೋಕೆ ಯೂಡೆವ್ ರೂಲ್ (ಡಿವೈಸ್ ಕಂಡಾಗ ತಾನೇ ಸೆಟ್ಟಿಂಗ್ ಹಾಕೋ ನಿಯಮ) ಹಾಕಬೇಕೋ, ಬೂಟ್ ಸಾಲಿನಲ್ಲಿ ಎನ್‌ವಿಎಂಇ-ಕೋರ್‌ಗೆ (ಡ್ರೈವರ್‌ನ ಮೂಲ ಮಾಡ್ಯೂಲ್) ಐಒ-ಪಾಲಿಸಿ ಕೊಟ್ಟರೆ ಸಾಕೋ? ಲೈವ್ ಸರ್ವರ್, ಜಾಸ್ತಿ ಪ್ರಯೋಗ ಮಾಡೋ ಹಂಗಿಲ್ಲ. ಮಾಡಿದವರಿದ್ದರೆ ಹೇಳ್ರೀ.