ಕಿಲಿಮಂಜಾರೋ ಚಾರಣದ ಮೂಲಕ ನಿಧಿ ಸಂಗ್ರಹ: ತಿಳಿದವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ಜನವರಿಯಲ್ಲಿ ತಾಂಜಾನಿಯಾದ ಕಿಲಿಮಂಜಾರೋ ಪರ್ವತವನ್ನು (5,895 ಮೀಟರ್) ಏರಿ, ಆ ನೆಪದಲ್ಲಿ ನಮ್ಮ ಊರಿನ ಉಪಶಾಮಕ ಆರೈಕೆ (ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) ಸಂಸ್ಥೆಯೊಂದಕ್ಕೆ ಹಣ ಸಂಗ್ರಹಿಸಲು ನಿರ್ಧರಿಸಿದ್ದೇನೆ. ವಿಮಾನ, ವೀಸಾ, ಉದ್ಯಾನ ಶುಲ್ಕ, ಮಾರ್ಗದರ್ಶಕರ ವೆಚ್ಚವನ್ನೆಲ್ಲ ನಾನೇ ಭರಿಸುತ್ತೇನೆ; ದಾನಿಗಳ ಹಣದಲ್ಲಿ ಪ್ರವಾಸ ಮಾಡುವ ಪದ್ಧತಿ ಬ್ರಿಟನ್ನಿನಲ್ಲಿ ಇದ್ದರೂ ನನಗದು ಒಪ್ಪಿಗೆಯಿಲ್ಲ.

ಮುಖ್ಯ ತೊಡಕು ವಿದೇಶದಲ್ಲಿರುವ ಬಂಧುಮಿತ್ರರ ದೇಣಿಗೆಯದು. ಭಾರತದ ಪೌರತ್ವ ಉಳಿಸಿಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಅಮೆರಿಕದ ಪೌರತ್ವ ಪಡೆದ ಸಂಬಂಧಿಕರು ಕೊಟ್ಟರೆ, ಅವರ ಬಳಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಗುರುತು) ಇದ್ದರೂ, 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ, ಮತ್ತು ಆ ಹಣ ಈ ಕಾಯ್ದೆಯಡಿ ನೋಂದಾಯಿತ ಸಂಸ್ಥೆಯು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಹೊಂದಿರುವ ಖಾತೆಗೇ ಬರಬೇಕು. ನಾನು ಆರಿಸಿಕೊಂಡ ಚಿಕ್ಕ ಸಂಸ್ಥೆಗೆ ಆ ನೋಂದಣಿಯಿಲ್ಲ. ನೋಂದಣಿಯಿರುವ ಇನ್ನೊಂದು ಸಂಸ್ಥೆ ಹಣ ಪಡೆದು ಇದಕ್ಕೆ ವರ್ಗಾಯಿಸುವುದನ್ನು 2020ರ ತಿದ್ದುಪಡಿ ನಿಷೇಧಿಸಿದೆ. ಹಾಗಾದರೆ ಇಂಥ ದೇಣಿಗೆಗಳನ್ನು ನಯವಾಗಿ ನಿರಾಕರಿಸಬೇಕೇ, ಅಥವಾ ಅವರಿಗಾಗಿಯೇ ನೋಂದಾಯಿತ ಸಂಸ್ಥೆಯೊಂದನ್ನು ಪ್ರತ್ಯೇಕವಾಗಿ ಸೂಚಿಸುವುದು ಲೇಸೇ? ಈ ಕ್ಷೇತ್ರದ ಲೆಕ್ಕಪರಿಶೋಧಕರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ: ದೇಹ ಎತ್ತರಕ್ಕೆ ಹೊಂದಿಕೊಳ್ಳಲು ಹೆಚ್ಚು ಸಮಯ ಸಿಗುವುದರಿಂದ ಮರಂಗು ದಾರಿಗಿಂತ ದೀರ್ಘವಾದ ಲೆಮೋಶೋ ದಾರಿಯನ್ನು ಆರಿಸುವ ಯೋಚನೆಯಿದೆ. ಹೊರೆಯಾಳುಗಳಿಗೆ ನ್ಯಾಯವಾದ ಕೂಲಿ ಕೊಟ್ಟು, 20 ಕಿಲೋ ಹೊರೆಯ ಮಿತಿಯನ್ನು ನಿಜವಾಗಿಯೂ ಪಾಲಿಸುವ ಚಾರಣ ನಿರ್ವಾಹಕರೊಡನೆ ಹೋಗಿಬಂದವರು, ಬೆಲೆ ತುಸು ಹೆಚ್ಚಾದರೂ ಚಿಂತೆಯಿಲ್ಲ, ಆ ನಿರ್ವಾಹಕರ ಹೆಸರನ್ನು ಇಲ್ಲಿಯೇ ಬರೆಯಬೇಕೆಂದು ಕೋರುತ್ತೇನೆ.